ಜರಡಿ ಟೀಚರರ ಕಿಂಡಿಕಾರ್ಡು

ಶಾಲೆಯಲ್ಲಿ ಅವರಿಗೆ ಜರಡಿ ಟೀಚರ್ ಎಂಬ ಹೆಸರು ಬಿದ್ದು ಇಪ್ಪತ್ತು ವರ್ಷ ದಾಟಿತ್ತು. ಇಟ್ಟವರು ಯಾರೆಂದು ತಿಳಿಯದು. ಅಡ್ಡಹೆಸರಿಗೆ ಅಪ್ಪ ಇರುವುದಿಲ್ಲ. ಮಕ್ಕಳು ಬೆನ್ನ ಹಿಂದೆ ಹೇಳುತ್ತಿದ್ದರು, ಮೇಷ್ಟ್ರುಗಳು ಎದುರಿಗೇ ಹೇಳುತ್ತಿದ್ದರು. ಅವರು ಎರಡಕ್ಕೂ ಮುಖ ಗಂಟಿಕ್ಕುತ್ತಿರಲಿಲ್ಲ. ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಆ ಪ್ರಾಥಮಿಕ ಶಾಲೆಯ ನಾನೂರು ಚಿಲ್ಲರೆ ಮಕ್ಕಳಲ್ಲಿ ಓದು ಹತ್ತದವರು ಯಾರು, ಹತ್ತಿಯೂ ಮೈಗಳ್ಳತನ ಮಾಡುವವರು ಯಾರು, ಕಣ್ಣೋ ಕಿವಿಯೋ ಸರಿಯಿಲ್ಲದವರು ಯಾರು ಎಂದು ಸೋಸಿ ಹೇಳುವುದು ಅವರ ಕೆಲಸ. ಮೂರು ವಾರ ಎದುರಿಗೆ ಕೂರಿಸಿಕೊಂಡರೆ ಸಾಕು, ಹೇಳಿಬಿಡುತ್ತಿದ್ದರು. ಹೇಳಿದ ಮೇಲೆ ಅದು ಕಲ್ಲಿನ ಗೆರೆ.

ಅವರು ಮೊದಲು ಮೂರನೇ ತರಗತಿಯ ಟೀಚರು. ಹಿಂದುಳಿದ ಮಕ್ಕಳಿಗೆ ಓದಿಸುತ್ತಿದ್ದ ಹೆಂಗಸು ಕಾಲು ಮುರಿದುಕೊಂಡು ರಜೆ ಹಾಕಿದಾಗ, ಒಂದು ತಿಂಗಳು ನೋಡಿಕೊಳ್ಳಿ ಎಂದು ಇವರನ್ನು ಕಳಿಸಿದ್ದರು. ಆ ಒಂದು ತಿಂಗಳು ಇಪ್ಪತ್ತಾರು ವರ್ಷವಾಯಿತು. ಕಾಲು ಮುರಿದುಕೊಂಡಾಕೆ ಗುಣವಾಗಿ, ಬೇರೆ ಕಡೆ ಬಡ್ತಿ ಪಡೆದು, ನಿವೃತ್ತಿಯೂ ಆಗಿದ್ದಳು. ಇವರನ್ನು ವಾಪಸು ಕರೆಯಲು ಯಾರಿಗೂ ನೆನಪಾಗಲಿಲ್ಲ. ಇವರೂ ನೆನಪಿಸಲಿಲ್ಲ. ಕೆಲಸ ಕೈಗೆ ಹತ್ತಿತ್ತು. ಅನುಮಾನವೆಂಬುದು ತಮ್ಮ ಜಾಯಮಾನದಲ್ಲೇ ಇಲ್ಲ ಎಂದು ಅವರು ನಂಬಿದ್ದರು. ಅಂಥವರು ಐವತ್ತೇಳನೇ ವಯಸ್ಸಿನಲ್ಲಿ ಒಂದು ವಾರವಿಡೀ ಬಾಲ ಸುಟ್ಟ ಬೆಕ್ಕಿನಂತೆ ಮನೆಯಲ್ಲಿ ಅತ್ತಿಂದಿತ್ತ ಸುತ್ತಿದ್ದನ್ನು ಹೇಳಬೇಕು.

ಎಲ್ಲ ಶುರುವಾದದ್ದು ಹೆಡ್ ಮೇಡಂ ತಂದ ಹೊಸ ಏರ್ಪಾಡಿನಿಂದ. ಪಡಸಾಲೆಯ ಕೊನೆಯ ಕೋಣೆ ಅಲ್ಲಿಯವರೆಗೆ ಹಿಂದುಳಿದ ಮಕ್ಕಳ ಬೆಂಬಲ ತರಗತಿಗೆ ಮಾತ್ರ ಇತ್ತು. ಈ ವರ್ಷ ಅದೇ ಕೋಣೆಯಲ್ಲಿ, ವಾರಕ್ಕೆ ಎರಡು ಮಧ್ಯಾಹ್ನ, ಉಳಿದವರಿಗೆ ಆಟದ ಪಿರಿಯಡ್ ಇರುವ ಹೊತ್ತಿನಲ್ಲಿ, ಓದಿನಲ್ಲಿ ಮುಂದಿರುವ ಮಕ್ಕಳಿಗೆ ಹೆಚ್ಚಿನ ಕಲಿಕೆಯೂ ಶುರುವಾಯಿತು. ಬೆಳಿಗ್ಗೆ ಹತ್ತು ಮಕ್ಕಳು, ಮಧ್ಯಾಹ್ನ ಹತ್ತು ಮಕ್ಕಳು. ಶಾಲೆಯ ಮಕ್ಕಳು ಎರಡೇ ದಿನದಲ್ಲಿ ಹೆಸರು ಹುಡುಕಿದರು: ಊಟದ ಗಂಟೆಯವರೆಗೆ ಅದು ಆಮೆ ಕೋಣೆ, ಗಂಟೆ ಹೊಡೆದ ಮೇಲೆ ಮೊಲದ ಕೋಣೆ.

ಹೆಡ್ ಮೇಡಂ ಕಿವಿಗೂ ಇದು ಬಿತ್ತು. ಅವರು ಬ್ಯಾಡ್ಜು ಮಾಡಿಸಿದರು.

"ಹೆಸರು ಕೂಗಿದ್ರೆ ಮಗೂಗೆ ಹಣೆಪಟ್ಟಿ ಕಟ್ಟಿದ ಹಾಗೆ ಆಗುತ್ತೆ. ಇನ್ಮೇಲೆ ಈ ಕೋಣೆ ಒಳಗೆ ಹೆಸರಿಲ್ಲ, ನಂಬರ್ ಅಷ್ಟೇ. ಪುಸ್ತಕದ ಮೇಲೂ ನಂಬರ್, ಹಾಜರಿಗೂ ನಂಬರ್," ಎಂದರು.

"ನಂಬರ್ ಕಟ್ಟಿದ್ರೆ ಹಣೆಪಟ್ಟಿ ಅಲ್ವಾ ಮೇಡಂ?"

"ಇದು ಕೊರಳಲ್ಲಿರುತ್ತೆ ಟೀಚರ್, ಹಣೆ ಮೇಲಲ್ಲ."

ಬಾಗಿಲ ಪಕ್ಕ ಇಪ್ಪತ್ತು ಮೊಳೆ ಹೊಡೆದು ಇಪ್ಪತ್ತು ಬ್ಯಾಡ್ಜು ನೇತುಹಾಕಿದರು. ಒಂದರಿಂದ ಹತ್ತು ಬೆಳಗಿನವರದು, ಹನ್ನೊಂದರಿಂದ ಇಪ್ಪತ್ತು ಮಧ್ಯಾಹ್ನದವರದು. ಮಗು ಬಂದು ತನ್ನದನ್ನು ಕೊರಳಿಗೆ ಹಾಕಿಕೊಂಡು ಕೂರಬೇಕು, ಹೋಗುವಾಗ ಮೊಳೆಗೆ ಹಾಕಬೇಕು. ಖಾಲಿ ಮೊಳೆ ಎಷ್ಟೋ ಹಾಜರಿ ಅಷ್ಟು. ಸುಲಭವಾಗಿತ್ತು. ಸುಲಭವಾದದ್ದರ ಮೇಲೆ ಯಾರಿಗೂ ಕಣ್ಣಿರುವುದಿಲ್ಲ.

ಬೆಳಗಿನ ನಾಲ್ಕನೇ ನಂಬರು ಒಂಬತ್ತು ವರ್ಷದ ಹುಡುಗಿ. ಕಿವಿ ಮಟ್ಟಕ್ಕೆ ಕತ್ತರಿಸಿದ ಕೂದಲು, ತೊಳೆದು ತೊಳೆದು ಬಣ್ಣ ಹೋದ ಅಂಗಿ, ಕೇಳಿದ್ದಕ್ಕೆ ಮಾತ್ರ ಉತ್ತರ. ತಾಯಿ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸದವಳು. ಹುಡುಗಿಗೆ ಓದು ಹತ್ತುತ್ತಿರಲಿಲ್ಲ. ಒಂದು ಸಾಲಿನಲ್ಲಿ ಮೂರು ಪದ ಸರಿಯಾಗಿ ಓದುತ್ತಿದ್ದಳು, ನಾಲ್ಕನೆಯದಕ್ಕೆ ಬಂದರೆ ಕಣ್ಣು ಜಾರಿ ಕೆಳಗಿನ ಸಾಲಿಗೆ ಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಮತ್ತೆ ಮೂರು ಪದ. ಕಣ್ಣಿನ ಡಾಕ್ಟರು ಕಣ್ಣು ಸರಿಯಿದೆ ಎಂದು ಚೀಟಿ ಕೊಟ್ಟಿದ್ದರು.

ಅಂಥ ಮಕ್ಕಳಿಗೆ ಟೀಚರು ಕಿಂಡಿಕಾರ್ಡು ಮಾಡಿಕೊಡುತ್ತಿದ್ದರು. ಅಂಗೈಯಗಲದ ದಪ್ಪ ರಟ್ಟು, ನಡುವೆ ಕಿರುಬೆರಳಗಲದ ಉದ್ದ ಕಿಂಡಿ. ಪುಟದ ಮೇಲಿಟ್ಟರೆ ಒಂದೇ ಸಾಲು ಕಾಣುತ್ತದೆ, ಉಳಿದದ್ದೆಲ್ಲ ಮುಚ್ಚಿರುತ್ತದೆ. ಈ ಸಲ ಮೂರು ಕಾರ್ಡು ಶಾಲೆಯ ಕತ್ತರಿಯಲ್ಲಿ ಕತ್ತರಿಸುವಷ್ಟರಲ್ಲಿ ಆ ಕತ್ತರಿ ಸೋತು ಕೂತಿತು. ನಾಲ್ಕನೇ ನಂಬರಿನದನ್ನು ಮನೆಗೆ ಒಯ್ದು, ಗಂಡ ಊಟಕ್ಕೆ ಎದ್ದಾಗ, ಅವರ ಕತ್ತರಿಯಲ್ಲಿ ಕತ್ತರಿಸಿದರು.

ಗಂಡ ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆಯಾದ ವಾರದಲ್ಲೇ ಅವರು ಹೆಂಡತಿಗೆ ಒಂದು ಮಾತು ಹೇಳಿದ್ದರು: "ನನ್ನ ಮೇಲೆ ಕೈ ಮಾಡಿದ್ರೂ ಮಾಡು, ನನ್ನ ಬಟ್ಟೆ ಕತ್ತರಿಗೆ ಕಾಗದ ತೋರಿಸ್ಬೇಡ." ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಅಲುಗು ಸಾಯುತ್ತದೆ. ಟೀಚರು ಮೂವತ್ತು ವರ್ಷ ಆ ಮಾತು ಕಾಪಾಡಿದ್ದರು. ಆ ದಿನ ತಪ್ಪಿದರು. ಗಾಬರಿಯಲ್ಲಿ ಕಿಂಡಿಯ ಎಡಗಡೆಯ ಕೆಳಮೂಲೆಯಲ್ಲಿ ಕತ್ತರಿ ನಿಲ್ಲದೆ ಒಂದಿಷ್ಟು ಮುಂದಕ್ಕೆ ಹರಿಯಿತು. ಅಷ್ಟೇ ಅಲ್ಲವೇ ಎಂದುಕೊಂಡು ಕತ್ತರಿ ಒರೆಸಿ ಇದ್ದಲ್ಲೇ ಇಟ್ಟರು. ಕಾರ್ಡು ನಾಲ್ಕನೇ ನಂಬರಿಗೆ ಹೋಯಿತು. ಆ ಹುಡುಗಿ ಅದನ್ನು ಪುಸ್ತಕದೊಳಗಲ್ಲ, ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಮಧ್ಯಾಹ್ನದ ಹನ್ನೊಂದನೇ ನಂಬರು ಟೀಚರಿಗೆ ಹೊರಗಿನವಳಲ್ಲ, ನಾದಿನಿಯ ಮೊಮ್ಮಗಳು. ಗಂಡನ ತಂಗಿ, ಅವಳ ಮಗಳು, ಮೊಮ್ಮಗಳು ಮೂವರೂ ಅದೇ ಮನೆಯ ಮಹಡಿಯ ಮೇಲಿದ್ದರು. ಮೊಮ್ಮಗಳ ಕಾಲು ನೆಲದ ಮೇಲೆ ನಿಂತದ್ದನ್ನು ನೋಡಿದವರಿಲ್ಲ, ಹಾಗಾಗಿ ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ನಾಲ್ಕನೇ ನಂಬರಿನ ಹುಡುಗಿಯದೇ ತರಗತಿ, ಒಂದೇ ಬೆಂಚು. ಮೊಲದ ಕೋಣೆಗೆ ಮಕ್ಕಳನ್ನು ಆರಿಸಲು ಟಿಕ್ ಹಾಕುವ ಪರೀಕ್ಷೆಯೊಂದನ್ನು ಇಟ್ಟಾಗ ಗಿರಗಿಟ್ಲೆಗೆ ಭಾರೀ ಅಂಕ ಬಂತು. ಮನೆಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ನಾದಿನಿ ಮಾತ್ರ ಇಡಲಿಲ್ಲ.

"ನಂಗೆ ಮೊದಲೇ ಗೊತ್ತಿತ್ತು ಅತ್ತಿಗೆ. ನಮ್ಮ ರಕ್ತ," ಎಂದಳು. ಹಾಲು ತರುವವನಿಗೂ ಹೇಳಿದಳು, ಪಕ್ಕದ ಮನೆಯವರಿಗೂ ಹೇಳಿದಳು. "ನಮ್ಮ ಹುಡುಗಿ ಅತ್ತಿಗೆ ಕೋಣೆಗೇ ಹೋಗ್ತಾಳೆ. ಬೆಳಿಗ್ಗೆ ಅಲ್ಲ ಮತ್ತೆ, ಮಧ್ಯಾಹ್ನ!"

ಮಧ್ಯಾಹ್ನದ ತರಗತಿಗೆ ಬೇರೊಂದು ಶಾಲೆಯಿಂದ ಗಣಿತದ ಮೇಷ್ಟ್ರು ಬರುತ್ತಿದ್ದರು. ಬರುವಾಗಲೇ ಹಲಗೆಯ ಕಡೆ ನಡೆಯುವ ಮನುಷ್ಯ. ಆ ಹೊತ್ತಿನಲ್ಲಿ ಟೀಚರು ಕಟ್ಟಡದ ಇನ್ನೊಂದು ಬದಿಯಲ್ಲಿ ಒಂದನೇ ತರಗತಿಯ ಚಿಳ್ಳೆಪಿಳ್ಳೆಗಳನ್ನು ಪರೀಕ್ಷಿಸುತ್ತಿದ್ದರು. ಇಬ್ಬರೂ ಭೇಟಿಯಾಗುತ್ತಿದ್ದದ್ದು ಊಟದ ಹೊತ್ತಿನಲ್ಲಿ, ಬಾಗಿಲಲ್ಲಿ.

"ಟೀಚರ್, ನಿಮ್ಮ ಶಾಲೇಲಿ ಹನ್ನೊಂದನೇ ನಂಬರ್ ಅಂತ ಒಂದು ಹುಡುಗಿ ಇದೆ ನೋಡಿ, ನನ್ನ ಸರ್ವೀಸಲ್ಲಿ ಅಂಥದ್ದು ನೋಡಿಲ್ಲ," ಎಂದರು ಒಂದು ದಿನ.

"ಯಾರು, ನಮ್ಮ ಗಿರಗಿಟ್ಲೆಯಾ?" ಟೀಚರ ಕೈಯಲ್ಲಿದ್ದ ಊಟದ ಡಬ್ಬಿ ಅಲ್ಲೇ ನಿಂತಿತು. "ಕೂತ್ಕೋತಾಳಾ?"

"ಕೂತ್ರೆ ಎದ್ದೇಳಲ್ಲ. ಗಂಟೆ ಹೊಡೆದ್ರೂ ಎಬ್ಬಿಸ್ಬೇಕು."

ಗೋಡೆಗೆ ಚುಚ್ಚಿದ ಹಾಳೆಯನ್ನು ಅವರು ತೋರಿಸಿದರು. ಐದು ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿದರೆ ಎಷ್ಟು ಬಗೆಯ ಆಕಾರ ಬರುತ್ತದೆ, ಅವುಗಳಲ್ಲಿ ಯಾವುದನ್ನು ಮಡಚಿದರೆ ಮುಚ್ಚಳವಿಲ್ಲದ ಡಬ್ಬಿಯಾಗುತ್ತದೆ ಎಂದು ಮೇಷ್ಟ್ರು ಕೇಳಿದ್ದರಂತೆ. ಉಳಿದವರು ಕಾಗದ ಕತ್ತರಿಸಿ, ಮಡಚಿ, ಹರಿದು ನೋಡಿದರು. ಹನ್ನೊಂದನೇ ನಂಬರು ಏನನ್ನೂ ಕತ್ತರಿಸಲಿಲ್ಲ. ಹನ್ನೆರಡು ಆಕಾರ ಬರೆದಿದ್ದಳು, ಎಂಟಕ್ಕೆ ಗುರುತು ಹಾಕಿದ್ದಳು, ಆ ಎಂಟರಲ್ಲೂ ಡಬ್ಬಿಯ ತಳ ಯಾವುದೆಂದು ಗೀಟೆಳೆದು ತೋರಿಸಿದ್ದಳು. ಒಂದೂ ತಪ್ಪಿರಲಿಲ್ಲ. ಇಡೀ ಹಾಳೆಯಲ್ಲಿ ಮೂಲೆಯ 11 ಬಿಟ್ಟರೆ ಒಂದು ಅಕ್ಷರವಿರಲಿಲ್ಲ.

ಟೀಚರಿಗೆ ಇದರ ತಲೆಬುಡ ತಿಳಿಯಲಿಲ್ಲ. ದಿನಾ ಬೆಳಿಗ್ಗೆ ತನ್ನ ಎಡಗಾಲಿನ ಕಾಲುಚೀಲ ಸಿಗದೆ ಮನೆ ಮೇಲೆ ಕೆಳಗೆ ಮಾಡುವ ಹುಡುಗಿ ಇದು. ಆದರೆ ಕಣ್ಣೆದುರು ಹಾಳೆಯಿದೆ, ಹಾಳೆಯ ಮೂಲೆಯಲ್ಲಿ ನಂಬರಿದೆ. ನಂಬಲೇಬೇಕು.

ನಂಬಿದ ಮೇಲೆ ಅದನ್ನು ಉಪಯೋಗಿಸುವುದು ಟೀಚರುಗಳ ಚಾಳಿ. ಮರುದಿನ ಬೆಳಿಗ್ಗೆ ನಾಲ್ಕನೇ ನಂಬರನ್ನು ಗೋಡೆಯ ಮುಂದೆ ನಿಲ್ಲಿಸಿದರು.

"ನೋಡು. ಇವಳೂ ನಿನ್ನ ವಯಸ್ಸಿನವಳೇ, ನಿನ್ನ ಬೆಂಚಿನವಳೇ. ಮನಸ್ಸಿಟ್ಟು ಕೂತ್ರೆ ಹೀಗೆ ಬರುತ್ತೆ. ನೀನೂ ಹಾಗೆ ಕೂತ್ಕೋಬೇಕು."

ಹುಡುಗಿ ಹಾಳೆಯನ್ನು ತುಂಬ ಹೊತ್ತು ನೋಡಿದಳು.

"ಎಂಟನೇದು ಸ್ವಲ್ಪ ಸೊಟ್ಟ ಆಗಿದೆ ಟೀಚರ್."

"ಬೇರೆಯವರ ಸೊಟ್ಟ ಹುಡುಕೋದ್ರಲ್ಲಿ ಮುಂದೆ. ನಡಿ, ಪುಸ್ತಕ ತೆಗಿ."

ಹುಡುಗಿ ಪುಸ್ತಕ ತೆಗೆದು, ಕಿಂಡಿಕಾರ್ಡು ಇಟ್ಟು, ಮೂರು ಪದ ಓದಿ, ನಾಲ್ಕನೆಯದಕ್ಕೆ ನಿಂತಳು.

ಶಾಲೆಯ ಅರ್ಧವರ್ಷದ ಅವಧಿ ಮುಗಿಯುತ್ತ ಬಂದಿತ್ತು. ಬೆಂಬಲ ತರಗತಿಗೆ ಒಂದು ಕಟ್ಟುಪಾಡಿದೆ: ಎರಡು ಅವಧಿ ಕೂತೂ ಓದು ಹತ್ತದಿದ್ದರೆ ಮಗುವನ್ನು ಇಟ್ಟುಕೊಳ್ಳುವಂತಿಲ್ಲ. ಅರ್ಜಿಯಲ್ಲಿ ಎರಡೇ ಮನೆ. ಒಂದು, ತರಗತಿಗೆ ಮರಳಿಸಿ. ಇನ್ನೊಂದು, ವಿಶೇಷ ಶಾಲೆಗೆ ಕಳಿಸಿ. ಎರಡರಲ್ಲಿ ಒಂದಕ್ಕೆ ಟೀಚರು ಟಿಕ್ ಹಾಕಬೇಕು, ಶುಕ್ರವಾರದ ಸಭೆಯಲ್ಲಿ ಸಹಿ ಮಾಡಬೇಕು. ನಾಲ್ಕನೇ ನಂಬರಿನ ಅರ್ಜಿಯಲ್ಲಿ ಸೋಮವಾರವೇ ಎರಡನೇ ಮನೆಗೆ ಟಿಕ್ ಬಿದ್ದಿತ್ತು. ಟೀಚರು ಪೆನ್ಸಿಲ್ ಬಳಸುವವರಲ್ಲ, ಮಸಿಯಲ್ಲೇ ಹಾಕಿದ್ದರು.

ಅದೇ ಸಂಜೆ ಹುಡುಗಿಯ ತಾಯಿ ಬಂದಳು. ಡಿಪೋದ ರಬ್ಬರ್ ಬೂಟು ಕಾಲಲ್ಲೇ ಇತ್ತು, ಒಳಗೆ ಬರದೆ ಬಾಗಿಲಲ್ಲೇ ನಿಂತಳು. ಆ ಶಾಲೆ ಎಲ್ಲಿದೆ ಎಂದು ಕೇಳಿದಳು. ಎರಡು ಬಸ್ಸು ಬದಲಾಯಿಸಬೇಕು ಎಂದು ಟೀಚರು ಹೇಳಿದರು.

"ಬಸ್ಸಿನ ಚಿಂತೆ ಇಲ್ಲ ಬಿಡಿ, ನಾವು ಬಸ್ಸಿನವರೇ. ಅದಲ್ಲ ನಾನು ಕೇಳೋದು. ಅಲ್ಲಿಗೆ ಹೋದ ಮಕ್ಕಳು ಮತ್ತೆ ಈ ಶಾಲೆಗೆ ವಾಪಸ್ ಬರ್ತಾರಾ ಟೀಚರ್?"

ಟೀಚರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇಷ್ಟು ವರ್ಷದಲ್ಲಿ ಯಾರೂ ಬಂದಿಲ್ಲಮ್ಮ."

ತಾಯಿ ತಲೆಯಾಡಿಸಿದಳು. "ನೀವು ನೋಡಿ ಹೇಳಿದ್ರೆ ಸರಿಯಾಗೇ ಇರುತ್ತೆ. ಎಲ್ರೂ ಹಾಗೇ ಹೇಳ್ತಾರೆ," ಎಂದು ಹೋದಳು. ಬೂಟಿನ ಒದ್ದೆ ಗುರುತು ಪಡಸಾಲೆಯುದ್ದಕ್ಕೂ ಉಳಿಯಿತು.

ಆ ಮಾತು ಟೀಚರಿಗೆ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ನೋಡಿ ಹೇಳಿದರೆ ಸರಿ ಎಂದಳಲ್ಲ, ಗಿರಗಿಟ್ಲೆಯನ್ನು ತಾವು ಒಂಬತ್ತು ವರ್ಷದಿಂದ ಒಂದೇ ಸೂರಿನಡಿ ನೋಡಿದ್ದಾರೆ. ಆ ಮಗುವಿನ ತಲೆಯಲ್ಲಿ ಇಂಥದ್ದೊಂದು ಇದೆಯೆಂಬ ಸುಳಿವೇ ಸಿಗಲಿಲ್ಲವಾದರೆ, ಎರಡು ಅವಧಿ ನೋಡಿದ ಮಗುವಿನ ಬಗ್ಗೆ ಏನು ಗೊತ್ತಾದಂತಾಯಿತು? ಹಾಗೆ ಯೋಚಿಸಿದರೆ ಟಿಕ್ ತಪ್ಪು. ಹಾಗೆ ಯೋಚಿಸದಿದ್ದರೆ ಹಾಳೆ ಸುಳ್ಳು. ಹಾಳೆ ಸುಳ್ಳಲ್ಲ. ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುತ್ತಿರಲಿಲ್ಲ, ಗಾಣದೆತ್ತಿನಂತೆ ಅಲ್ಲೇ ಸುತ್ತುತ್ತಿತ್ತು.

ಬುಧವಾರ ಅವರು ಗೋಡೆಯ ಹಾಳೆ ಬಿಚ್ಚಿಕೊಂಡು ಮನೆಗೆ ಬಂದರು. ಗಿರಗಿಟ್ಲೆ ಅಂಗಡಿಯೊಳಗೆ ಗುಂಡಿಗಳ ಡಬ್ಬಿ ಮಗುಚಿ ಆಡುತ್ತಿದ್ದಳು. ನಾದಿನಿ ಬಾಗಿಲ ಬಳಿ ಕೂತು ಅಂಗಿಯೊಂದಕ್ಕೆ ಗುಂಡಿ ಹೊಲಿಯುತ್ತಿದ್ದಳು.

"ಬಾರೇ ಇಲ್ಲಿ. ಇದರಲ್ಲಿ ಯಾವುದನ್ನ ಮಡಚಿದ್ರೆ ಡಬ್ಬಿ ಆಗುತ್ತೆ, ಹೇಳು."

ಗಿರಗಿಟ್ಲೆ ಹಾಳೆ ನೋಡಿದಳು, ಗುಂಡಿ ಹೊಲಿಯುತ್ತಿದ್ದ ತನ್ನ ಅಜ್ಜಿಯನ್ನು ನೋಡಿದಳು, ಬಾಗಿಲು ನೋಡಿದಳು.

"ಟೀಚರಜ್ಜಿ, ನಂಗೆ ಡಬ್ಬಿ ತೆಗೆಯೋದಷ್ಟೇ ಗೊತ್ತು."

"ನೀನೇ ಬರೆದದ್ದಲ್ವೇನೇ ಇದು?"

"ಇವತ್ತು ಆಟದಲ್ಲಿ ನಾನೇ ಗೆದ್ದೆ!" ಎಂದವಳು ಮಹಡಿ ಮೆಟ್ಟಿಲು ಹತ್ತಿ ಮಾಯವಾದಳು.

"ಮನೆಗೆ ಬಂದ ಮೇಲೂ ಪರೀಕ್ಷೆ ಮಾಡ್ತೀರಲ್ಲ ಅತ್ತಿಗೆ," ಎಂದು ನಾದಿನಿ ನೂಲು ಹಲ್ಲಿನಲ್ಲಿ ಕಡಿದಳು. "ಬುದ್ಧಿವಂತ ಮಕ್ಕಳಿಗೆ ಹೇಳೋಕೆ ಬೇಜಾರು. ನಿಮಗೆ ಬೆಳಗಿನ ಮಕ್ಕಳದ್ದೇ ಅಭ್ಯಾಸ ಆಗ್ಬಿಟ್ಟಿದೆ."

ಟೀಚರು ಹಾಳೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟರು. ಟೈಲರು ಕನ್ನಡಕ ಮೂಗಿನ ತುದಿಗೆ ಇಳಿಸಿ ಅದನ್ನು ಬಟ್ಟೆ ನೋಡುವಂತೆ ನೋಡಿದರು, ಬೆಳಕಿಗೆ ಹಿಡಿದು.

"ಇದು ಕೈಯಲ್ಲಿ ಬರೆದದ್ದಲ್ಲ. ಅಚ್ಚಿಟ್ಟು ಗೀಚಿದ್ದು."

"ಏನು ಹಾಗಂದ್ರೆ?"

"ನೋಡು, ಒಂದೊಂದು ಚೌಕಕ್ಕೂ ಎಡಗಡೆ ಕೆಳಮೂಲೇಲಿ ಸಣ್ಣ ಕೊಂಬು ಇದೆ. ಹನ್ನೆರಡೈದಲಿ ಅರವತ್ತು ಚೌಕ, ಅರವತ್ತು ಕೊಂಬು, ಎಲ್ಲ ಒಂದೇ ಜಾಗ, ಒಂದೇ ಅಳತೆ. ಕೈ ತಪ್ಪಿದ್ರೆ ಒಂದೊಂದು ಕಡೆ ಒಂದೊಂದು ಥರ ತಪ್ಪುತ್ತೆ. ಇದು ಅಚ್ಚಿನಲ್ಲೇ ಹರುಕು." ಟೈಲರು ಹಾಳೆ ಕೆಳಗಿಟ್ಟರು. "ಯಾವುದೋ ರಟ್ಟಿನಲ್ಲಿ ಕಿಂಡಿ ಕೊರೆದು, ಅದರ ಎಡತುದಿ ಇಟ್ಟು ಮೂರು ಬದಿ ಗೀಚಿ, ನಾಲ್ಕನೇದನ್ನ ಕೈಯಲ್ಲಿ ಮುಚ್ಚಿದ್ದಾರೆ. ಕೊರೆದ ದರಿದ್ರಕ್ಕೆ ಮೂಲೇಲಿ ಕತ್ತರಿ ನಿಲ್ಲಿಸೋಕೆ ಬಂದಿಲ್ಲ."

ಟೀಚರು ಕುರ್ಚಿಯ ಮೇಲೆ ಕೂತರು.

"ಆ ದರಿದ್ರ ನಾನೇ ರೀ."

"ಏನು?"

"ನಿಮ್ಮ ಕತ್ತರಿ."

ಟೈಲರು ಹೆಂಡತಿಯ ಮುಖ ನೋಡಿದರು, ಕತ್ತರಿ ನೋಡಿದರು, ಮತ್ತೆ ಹೆಂಡತಿಯ ಮುಖ ನೋಡಿದರು. "ಅದಕ್ಕೇ ಒಂದು ತಿಂಗಳಿಂದ ಬಟ್ಟೆ ಜಗೀತಿದೆ ಇದು! ಸಾಣೆಯವನಿಗೆ ಎರಡು ಸಲ ಬೈದೆ ನಾನು. ಪಾಪ, ಅವನು ತಾಯಾಣೆ ಹಾಕಿದ."

ಅವರು ಇನ್ನೂ ಏನೇನೋ ಹೇಳಿದರು. ಟೀಚರಿಗೆ ಕೇಳಿಸಲಿಲ್ಲ. ಮನೆಯ ಕತ್ತರಿಯಲ್ಲಿ ಕೊರೆದ ಕಾರ್ಡು ಒಂದೇ. ಆ ಕಾರ್ಡು ಯಾರ ಜೇಬಿನಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಗೊತ್ತಾದದ್ದರಿಂದ ಗೊಂದಲ ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು. ನಿನ್ನೆಯವರೆಗೆ ಅರ್ಥವಾಗದ ಮಗು ಒಂದಿತ್ತು. ಈಗ ಅರ್ಥವಾಗದ ಮಗು ಬೇರೆಯದು.

ಗುರುವಾರ ಬೆಳಿಗ್ಗೆ ಉಳಿದವರಿಗೆ ಬರೆಯಲು ಕೊಟ್ಟು ನಾಲ್ಕನೇ ನಂಬರನ್ನು ಕಿಟಕಿಯ ಬಳಿ ಕರೆದರು. ಕಾರ್ಡು ಕೇಳಿದರು. ಹುಡುಗಿ ಕೊಟ್ಟಳು. ಹಾಳೆಯ ಮೇಲಿಟ್ಟರು. ಹರುಕು ಮೂಲೆ ಕೊಂಬಿನ ಮೇಲೆ ಸರಿಯಾಗಿ ಕೂತಿತು.

"ಆಟದ ಪಿರಿಯಡ್ಡಲ್ಲಿ ಎಲ್ಲಿರ್ತೀಯ ನೀನು?"

"ಇಲ್ಲೇ."

"ಇಲ್ಲೇ ಅಂದ್ರೆ?"

"ಹನ್ನೊಂದು ಹಾಕ್ಕೊಂಡು." ಹುಡುಗಿ ಮೊಳೆಯ ಕಡೆ ತೋರಿಸಿದಳು. "ಅವಳಿಗೆ ಕೂತ್ಕೊಳ್ಳೋಕೆ ಆಗಲ್ಲ ಟೀಚರ್, ಅಳ್ತಾಳೆ. ನಂಗೆ ಓಡೋಕೆ ಇಷ್ಟ ಇಲ್ಲ. ಆಟದ ಸರ್ ತಲೆ ಎಣಿಸ್ತಾರೆ, ಎಣಿಕೆ ಸರಿ ಹೋಗುತ್ತೆ."

"ಎಷ್ಟು ದಿನದಿಂದ?"

"ಈ ಅವಧಿ ಶುರುವಾದಾಗಿಂದ."

"ಅಲ್ಲಿ ಲೆಕ್ಕ ಹೇಗೆ ಓದ್ತೀಯ?"

"ಮೇಷ್ಟ್ರು ಬಾಯಲ್ಲಿ ಹೇಳ್ತಾರೆ, ಚಿತ್ರ ಬರೀತಾರೆ. ಓದಿಸಲ್ಲ."

"ಅವತ್ತು ಗೋಡೆ ಮುಂದೆ ನಿಲ್ಲಿಸಿ ಅಷ್ಟು ಹೇಳಿದ್ನಲ್ಲ, ಇದು ನಂದೇ ಅಂತ ಯಾಕೆ ಹೇಳ್ಲಿಲ್ಲ?"

"ಸೊಟ್ಟ ಆಗಿದೆ ಅಂತ ಹೇಳಿದ್ನಲ್ಲ."

ಟಿಕ್ ಹಾಕುವ ಪರೀಕ್ಷೆಯ ಕಾಗದಗಳನ್ನು ಟೀಚರು ಊಟದ ಹೊತ್ತಿನಲ್ಲಿ ಬೀರುವಿನಿಂದ ತೆಗೆಸಿ ನೋಡಿದರು. ನಾಲ್ಕನೇ ನಂಬರಿನ ಹುಡುಗಿ ಮೊದಲ ಮೂರು ಪ್ರಶ್ನೆಗೆ ಮಾತ್ರ ಟಿಕ್ ಹಾಕಿದ್ದಳು. ಉಳಿದದ್ದನ್ನು ಓದಲು ಆಗಿರಲಿಲ್ಲ. ಗಿರಗಿಟ್ಲೆ ಎಲ್ಲಕ್ಕೂ ಟಿಕ್ ಹಾಕಿದ್ದಳು, ಮೇಲಿನಿಂದ ಕೆಳಗೆ ಒಂದೇ ಓಟದಲ್ಲಿ. ಪೆನ್ಸಿಲಿನ ಗೆರೆ ಒಂದು ಮನೆಯಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋದದ್ದು ಕಾಣುತ್ತಿತ್ತು. ಪ್ರಶ್ನೆ ಓದದೆಯೇ ಹಾಕಿದ್ದು. ಬಿದ್ದದ್ದೆಲ್ಲ ಗುರಿಗೆ ಬಿದ್ದಿತ್ತು.

ಶುಕ್ರವಾರದ ಸಭೆಯಲ್ಲಿ ಮೂವರೇ: ಹೆಡ್ ಮೇಡಂ, ಗಣಿತದ ಮೇಷ್ಟ್ರು, ಜರಡಿ ಟೀಚರು. ಟೀಚರು ಹಾಳೆ, ಕಾರ್ಡು, ಪರೀಕ್ಷೆಯ ಕಾಗದ ಮೂರನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ನಡೆದಂತೆ ಹೇಳಿದರು. ತಮ್ಮ ನಾದಿನಿಯ ಮೊಮ್ಮಗಳ ಪಾಲನ್ನು ಬಿಡಲಿಲ್ಲ. ಹುಡುಗಿಯನ್ನು ಗೋಡೆ ಮುಂದೆ ನಿಲ್ಲಿಸಿದ್ದನ್ನೂ ಬಿಡಲಿಲ್ಲ.

"ಹನ್ನೊಂದು ಅಂದ್ರೆ ಮೊದಲ ದಿನ ಬಂದ ಎರಡು ಜಡೆ ಹುಡುಗಿ ಅಲ್ವಾ?" ಎಂದರು ಮೇಷ್ಟ್ರು.

"ಎರಡು ಜಡೆಯವಳು ಆಮೇಲೆಲ್ಲ ಹೊರಗೆ ಓಡ್ತಿದ್ಲು. ನಿಮ್ಮ ಮುಂದೆ ಕೂತಿದ್ದು ಗಿಡ್ಡ ಕೂದಲಿನವಳು."

"ನಾನು ಮುಖ ನೋಡಲ್ಲ ಟೀಚರ್, ಕೆಲಸ ನೋಡ್ತೀನಿ," ಎಂದು ಮೇಷ್ಟ್ರು ಹೆಮ್ಮೆಯಿಂದಲೇ ಶುರುಮಾಡಿ, ನಡುವಿನಲ್ಲಿ ಸ್ವರ ಇಳಿಸಿದರು. "ನಂಗೆ ಆ ಹುಡುಗಿ ಬೇಕು. ನಂಬರ್ ಯಾವುದಾದ್ರೂ ಕಟ್ಟಿ."

ಹೆಡ್ ಮೇಡಂ ಎರಡೂ ಕೈಯಲ್ಲಿ ತಲೆ ಒತ್ತಿಕೊಂಡರು. "ಈಗ ನಂಗೆ ಒಂದು ಹೇಳಿ. ಈ ಮಗು ಹಿಂದಿದೆಯೋ ಮುಂದಿದೆಯೋ?"

"ಗೊತ್ತಿಲ್ಲ," ಎಂದರು ಜರಡಿ ಟೀಚರು.

ಹೆಡ್ ಮೇಡಂ ತಲೆಯೆತ್ತಿದರು.

"ನಿಮ್ಮ ಬಾಯಲ್ಲಿ ಈ ಮಾತು ಇವತ್ತೇ ಮೊದಲು ಕೇಳ್ತಿರೋದು."

"ನಾನೂ ಇವತ್ತೇ ಕೇಳ್ತಿರೋದು ಮೇಡಂ."

"ತಮಾಷೆ ಅಲ್ಲ. ಬೆಂಬಲದಲ್ಲಿ ಎರಡು ಅವಧಿ ಮುಗೀತು. ಓದು ಹತ್ತಿದೆಯಾ? ಇಲ್ಲ. ಹಾಗಾದ್ರೆ ವಿಶೇಷ ಶಾಲೆ. ಆ ಹಾಳೆ ನೋಡಿದ್ರೆ ವಿಶೇಷ ಶಾಲೆಗೆ ಕಳಿಸೋಕೆ ಬರಲ್ಲ. ತರಗತಿಗೆ ವಾಪಸ್ ಹಾಕಿದ್ರೆ ಓದಿಸೋರು ಯಾರೂ ಇಲ್ಲ. ಯಾವುದಕ್ಕೆ ಟಿಕ್ ಹಾಕ್ತೀರಿ?"

"ಯಾವುದಕ್ಕೂ ಇಲ್ಲ." ಟೀಚರು ಸೋಮವಾರದ ಟಿಕ್ಕಿನ ಮೇಲೆ ಅಡ್ಡಗೆರೆ ಎಳೆದರು, ಅದರ ಪಕ್ಕದಲ್ಲಿ 'ಗೊತ್ತಿಲ್ಲ' ಎಂದು ಬರೆದು ಕೆಳಗೆ ಸಹಿ ಮಾಡಿದರು.

"ಟೀಚರ್! ಹೀಗೆ ಹೊಡೆದು ಬರೆದ ಅರ್ಜಿ ಮೇಲಿನವರು ತಗೊಳ್ಳಲ್ಲ. ವಾಪಸ್ ಕಳಿಸ್ತಾರೆ."

"ವಾಪಸ್ ಬರೋಕೆ ಎಷ್ಟು ದಿನ ಆಗುತ್ತೆ?"

"ಹೋದ ವರ್ಷದ್ದು ಒಂದು ಇಡೀ ಅವಧಿ ತಗೊಂಡಿತ್ತು."

"ಅಲ್ಲಿವರೆಗೆ ಮಗು ಎಲ್ಲಿರುತ್ತೆ?"

ಹೆಡ್ ಮೇಡಂಗೆ ಈಗ ಅರ್ಥವಾಯಿತು. "ಇದ್ದಲ್ಲೇ ಇರುತ್ತೆ," ಎಂದರು ನಿಧಾನವಾಗಿ.

"ಹಾಗಾದ್ರೆ ಕಳಿಸಿ."

ಬೆಳಿಗ್ಗೆಯೂ ಮಧ್ಯಾಹ್ನವೂ ಒಂದೇ ಮಗು ಕೂರಬಹುದೇ ಎಂದು ಮೇಷ್ಟ್ರು ಕೇಳಿದರು. ಹೆಡ್ ಮೇಡಂ ನಿಯಮದ ಪುಸ್ತಕ ಮಗುಚಿದರು. ಕೂರಬಹುದು ಎಂದೂ ಇರಲಿಲ್ಲ, ಕೂರಬಾರದು ಎಂದೂ ಇರಲಿಲ್ಲ. ಹಾಗೊಂದು ಮಗು ಬರಬಹುದೆಂದು ಬರೆದವರಿಗೆ ಹೊಳೆದಿರಲಿಲ್ಲ.

ಮನೆಯಲ್ಲಿ ನಾದಿನಿ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಮೆಟ್ಟಿಲ ಮೇಲೆ ನಿಂತು, ಗೋಡೆಗೆ ಹೇಳುವಂತೆ ಹೇಳಿದಳು: "ಸ್ವಂತ ಮನೆ ದೀಪಾನೇ ಆರಿಸಿಬಿಟ್ರಲ್ಲ." ಆ ದೀಪ ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಒಂಟಿಗಾಲಲ್ಲಿ ಕುಪ್ಪಳಿಸುತ್ತಿತ್ತು, ಮಧ್ಯಾಹ್ನ ಅಳುವ ಕೆಲಸ ತಪ್ಪಿತೆಂದು ಬೀದಿಗೆಲ್ಲ ಹೇಳುತ್ತಿತ್ತು. ಟೈಲರು ಹೊಸ ಕತ್ತರಿ ತಂದರು. ಹಳೆಯದನ್ನು ಹೆಂಡತಿಯ ಚೀಲದಲ್ಲಿ ತಾವೇ ಇಟ್ಟು, "ತಗೋ, ಇನ್ನು ಇದು ನಿನ್ನದೇ ಜಾತಿ, ಬರೀ ಕಾಗದಕ್ಕೆ," ಎಂದರು.

ಅದೇ ವಾರ ಟೀಚರು ಹಳೆಯ ಹಾಜರಿ ಪುಸ್ತಕಗಳ ಬೀರು ತೆರೆದರು. ಇಪ್ಪತ್ತಾರು ವರ್ಷದಲ್ಲಿ ವಿಶೇಷ ಶಾಲೆಗೆ ತಾವು ಕಳಿಸಿದವರು ಹದಿನೇಳು ಮಕ್ಕಳು. ಹೆಸರುಗಳಿದ್ದವು, ಆಗ ನಂಬರಿನ ಕಾಲವಲ್ಲ. ಒಂದೊಂದು ಹೆಸರಿನ ಮುಂದೆಯೂ ಮಸಿಯ ಟಿಕ್, ಗಟ್ಟಿ ಕೈಯ ಟಿಕ್, ಎಲ್ಲೂ ನಡುಗಿದ್ದಿಲ್ಲ. ಹದಿನೇಳರಲ್ಲಿ ಹದಿನೇಳೂ ಸರಿಯಿರಬಹುದು. ಇಲ್ಲದೆಯೂ ಇರಬಹುದು. ಅವರಾರ ಜೇಬಿನಲ್ಲೂ ಹರುಕು ಮೂಲೆಯ ಕಾರ್ಡು ಇರಲಿಲ್ಲ, ಹಾಗಾಗಿ ತಿಳಿಯುವ ದಾರಿಯೂ ಇರಲಿಲ್ಲ. ಟೀಚರು ಪುಸ್ತಕಗಳನ್ನು ಮತ್ತೆ ಇದ್ದಲ್ಲೇ ಇಟ್ಟರು. ಬೀರುವಿಗೆ ಬೀಗ ಹಾಕಿದರೋ ಇಲ್ಲವೋ ಎಂದು ನೋಡಲು ಎರಡು ಸಲ ವಾಪಸು ಬಂದರು.

ಹೊಸ ಅವಧಿಯ ಮೊದಲ ದಿನ ನಾಲ್ಕನೇ ನಂಬರಿನ ಹುಡುಗಿ ಬಾಗಿಲಲ್ಲಿ ನಿಂತು ಮೊಳೆಗಳ ಕಡೆ ನೋಡಿದಳು. ನಾಲ್ಕು, ಹನ್ನೊಂದು ಎರಡೂ ಬ್ಯಾಡ್ಜು ಅವಳದೇ ಎಂದು ಹೇಳಿದ್ದರು. ಒಂದನ್ನು ಹಾಕಿಕೊಂಡಳು, ತೆಗೆದಳು, ಇನ್ನೊಂದನ್ನು ಹಾಕಿಕೊಂಡಳು, ಕೊನೆಗೆ ಎರಡನ್ನೂ ಹಾಕಿಕೊಂಡು ಬಂದಳು. ನಡೆದರೆ ಒಂದಕ್ಕೊಂದು ಬಡಿದು ಟಕಟಕ ಎನ್ನುತ್ತಿದ್ದವು.

"ಟೀಚರ್, ಈಗ ನಾನೆಷ್ಟು? ಹದಿನೈದಾ?"

ಕೂಡಿಸಿದ್ದು ತಪ್ಪಿರಲಿಲ್ಲ.

"ಗೊತ್ತಿಲ್ಲ," ಎಂದರು ಟೀಚರು. ಎರಡನೆಯ ಸಲ ಆ ಮಾತು ಅಷ್ಟು ಕಷ್ಟವಾಗಲಿಲ್ಲ. "ಕೂತ್ಕೋ. ಪುಸ್ತಕ ತೆಗಿ."

ಹುಡುಗಿ ಜೇಬಿನಿಂದ ಕಾರ್ಡು ತೆಗೆದು ಸಾಲಿನ ಮೇಲಿಟ್ಟಳು. ಮೂರು ಪದ ಓದಿದಳು. ನಾಲ್ಕನೆಯದಕ್ಕೆ ನಿಂತಳು.

ಟೀಚರು ಗಡಿಯಾರ ನೋಡಲಿಲ್ಲ. ಕಾದರು.